ಪದ್ಮಿನಿ ಕಾರುಗಳ ಪಹಣಿ

ಇವತ್ತು ಬೆಳಿಗ್ಗೆ ನಮ್ಮನೆಯವರು ಕಾರಿನ ನಾಲ್ಕೂ ಬಾಗಿಲು ತೆಗೆದು ಅಂಗಳದ ಬಿಸಿಲಿಗೆ ಬಿಟ್ಟಿದ್ದರು. ತುಳಸಿಗೆ ನೀರು ಹಾಕಿ ತಿರುಗಿದೆ, ಆ ವಾಸನೆ ಮೂಗಿಗೆ ಬಂತು. ಕಾದ ರೆಕ್ಸಿನ್, ಅದರಡಿಯ ಹಳೇ ತೆಂಗಿನ ನಾರು, ಒಂದಿಷ್ಟು ಪೆಟ್ರೋಲು, ಎಲ್ಲದರ ಮೇಲೆ ನಾನೇ ದಿನಾ ಬೆಳಗುವ ಊದುಬತ್ತಿಯ ಬೂದಿ. ನಿಮಗೂ ಈ ವಾಸನೆ ಗೊತ್ತಿರಬೇಕು. ಚಿಕ್ಕವರಿದ್ದಾಗ ಯಾರದ್ದೋ ಮದುವೆಗೆ ಬಾಡಿಗೆ ಕಾರಿನಲ್ಲಿ ಎಂಟು ಜನ ಒತ್ತಿಕೊಂಡು, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತು ಹೋಗಿದ್ದರೆ, ಅದೇ ವಾಸನೆ. ಮೊದಲೆಲ್ಲ ಅದು ಬಂದರೆ ನನಗೆ ಮೈಯೆಲ್ಲ ಹಗುರವಾಗುತ್ತಿತ್ತು. ಈಗ ಬಂದ ಕೂಡಲೇ ಕಿವಿ ತಾನಾಗಿ ಹಾರನ್ನಿಗೆ ಕಾಯುತ್ತದೆ.

ವಾಸನೆಯ ಹಿಂದೆಯೇ ಒಂದು ಪುಸ್ತಕವೂ ನೆನಪಾಗುತ್ತದೆ. ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಪುಸ್ತಕ. ಈಗ ಅದು ನಮ್ಮ ದೇವರಮನೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿದೆ. ಕಾರಿನ ಪುಸ್ತಕಕ್ಕೆ ದೇವರಮನೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಕೂತುಕೊಳ್ಳಿ, ಹೇಳುತ್ತೇನೆ. ಹೇಳಿ ಮುಗಿಸಿದರೆ ನನ್ನ ಎದೆಯಾದರೂ ಸ್ವಲ್ಪ ಹಗುರವಾದೀತು.

ನಮ್ಮನೆಯವರು ಗ್ರಾಮಲೆಕ್ಕಿಗರಾಗಿ ಇಡೀ ಆಯುಷ್ಯ ಪಹಣಿ ಬರೆದವರು. ನಿವೃತ್ತಿಯಾದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ಇವರು ಶಿರಾಳಕೊಪ್ಪಕ್ಕೆ ಹೋಗಿ ಬೂದಿ ಬಣ್ಣದ ಒಂದು ಹಳೇ ಪದ್ಮಿನಿ ಕಾರು ತಂದರು. ಹೆಸರು ಹೆಣ್ಣಿನದು, ವಯಸ್ಸು ನನಗಿಂತ ಸ್ವಲ್ಪ ಕಮ್ಮಿ, ಉಪಚಾರ ಮಾತ್ರ ನನಗಿಂತ ಬಹಳ ಹೆಚ್ಚು. ನಾನು ಕೆಮ್ಮಿದರೆ "ಬಿಸಿನೀರು ಕುಡಿ" ಎನ್ನುವ ಮನುಷ್ಯ, ಅದು ಕೆಮ್ಮಿದರೆ ಶಿರಾಳಕೊಪ್ಪದಿಂದ ಮೆಕ್ಯಾನಿಕ್ ರಫೀಕ್ ಅವರನ್ನು ಕರೆಸುತ್ತಾರೆ. ಹೋಗಲಿ, ಮನೆಯಲ್ಲಿ ಕೂತು ನನ್ನ ಸಾರಿನಲ್ಲಿ ಉಪ್ಪು ಹುಡುಕುವುದಕ್ಕಿಂತ ವಾಸಿ ಎಂದು ದೇವರಮನೆಯ ಸ್ವಾಮಿಗೆ ಕೈ ಮುಗಿದೆ.

ಪುಸ್ತಕದ ವಿಚಾರ ಎತ್ತಿದ್ದು ಈ ರಫೀಕರೇ. ಒಂದು ದಿನ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಹೇಳಿದರು: "ಸಾರ್, ನಮ್ಮ ಶಿಕಾರಿಪುರ, ಸೊರಬ ಎರಡೂ ತಾಲೂಕಲ್ಲಿ ಇನ್ನೂ ಎಷ್ಟು ಪದ್ಮಿನಿ ಉಳಿದಾವೆ ಅಂತ ಯಾರಿಗೂ ಗೊತ್ತಿಲ್ಲ. ಗುಜರಿಯೋರಿಗೆ ಮಾತ್ರ ಗೊತ್ತೈತಿ. ಒಂದೊಂದೇ ಎತ್ತಿಕೊಂಡು ಹೋಗ್ತಾರೆ. ಯಾರ ಹತ್ರ ಐತಿ ಅಂತ ಗೊತ್ತಿದ್ರೆ ಒಬ್ಬರ ಸಾಮಾನು ಒಬ್ಬರಿಗೆ ಕೊಡಿಸಿ ಬದುಕಿಸಬಹುದಿತ್ತು."

ನಮ್ಮನೆಯವರ ಕಣ್ಣು ಹೊಳೆದದ್ದು ನಾನು ಒಳಗಿನಿಂದಲೇ ಕಂಡೆ. ಮಾರನೇ ದಿನವೇ ಪುಸ್ತಕ ಬಂತು, ಸ್ಕೇಲು ಬಂತು. ಬೇರೆ ಯಾರಾದರೂ ಆಗಿದ್ದರೆ ಹೆಸರು, ಊರು, ಫೋನ್ ನಂಬರು ಬರೆದು ಮುಗಿಸುತ್ತಿದ್ದರು. ಇವರಿಗೆ ಗೊತ್ತಿದ್ದದ್ದು ಪಹಣಿ ಒಂದೇ. ಕಾರಿಗೂ ಪಹಣಿ ಮಾಡಿದರು. ಕಾರಿನ ನಂಬರು, ಎಂಜಿನ್ ನಂಬರು, ಚಾಸಿ ನಂಬರು, ಖಾತೆದಾರ ಯಾರು, ಸ್ವಾಧೀನದಲ್ಲಿ ಇಟ್ಟುಕೊಂಡವರು ಯಾರು, ಖಾತೆದಾರ ತೀರಿಕೊಂಡಿದ್ದರೆ 'ಪೌತಿ' ಎಂದು ಒಂದು ಕಾಲಂ, ಕೊನೆಗೆ ಷರಾ.

"ಬೆಳೆ ಕಾಲಂ ಬಿಟ್ಟೀರಲ್ಲ ಸಾರ್?" ಎಂದು ರಫೀಕ್ ನಕ್ಕರು.

"ಬಿಟ್ಟಿಲ್ಲ ಮಾರಾಯ, ಅಲ್ಲಿ ಬಣ್ಣ ಅಂತ ಮಾಡೀನಿ," ಎಂದರು ಇವರು, ಒಂದಿಷ್ಟೂ ನಗದೆ.

ಪೌತಿ ಕಾಲಂ ಬೇಕಾಗಿಯೇ ಇತ್ತು ಅನ್ನಿ. ನಮ್ಮ ಕಡೆ ಅಪ್ಪ ಸತ್ತು ಎಷ್ಟು ವರ್ಷವಾದರೂ ಕಾರಿನ ಆರ್.ಸಿ. ಪುಸ್ತಕ ಅಪ್ಪನ ಹೆಸರಿನಲ್ಲೇ ಇರುತ್ತದೆ. ಇವರ ಅಕ್ಷರ ಕೋಳಿ ಕೆದಕಿದಂತೆ ಇರುವುದರಿಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಶ್ರೀಕಾರ ಹಾಕಿ, ಮೂಲೆಗೆ ಅರಿಶಿನ ಹಚ್ಚಿ ಶುರು ಮಾಡಿದೆ. ತೀರಿಕೊಂಡವರ ಹೆಸರಿನ ಎದುರು ಪೌತಿ ಕಾಲಮ್ಮಿನಲ್ಲಿ 'ಹೌದು' ಎಂದು ಬರೆಯುತ್ತಿದ್ದೆ. ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬದುಕಿರುವವರದು.

ನಮ್ಮಲ್ಲಿ ಹೆಣ್ಣುಮಕ್ಕಳು ಕೆಲವು ಮಾತು ಆಡುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ 'ಇಲ್ಲ' ಎನ್ನುವುದಿಲ್ಲ, 'ತುಂಬೈತಿ' ಎನ್ನುತ್ತೇವೆ. ಬಳೆ ಒಡೆದರೆ 'ಹೆಚ್ಚಿತು' ಎನ್ನುತ್ತೇವೆ. ಇಂಥ ಬಾಯಿಯವಳು ಬದುಕಿರುವ ಮನುಷ್ಯನ ಹೆಸರಿನ ಎದುರು, ಪೌತಿ ಎಂಬ ತಲೆಬರಹದ ಕೆಳಗೆ, 'ಇಲ್ಲ' ಎಂದು ಹೇಗೆ ಬರೆಯಲಿ? ಬರೀ ಗೆರೆ ಎಳೆಯೋಣವೆಂದರೆ ಅದು ಅವರನ್ನೇ ಹೊಡೆದುಹಾಕಿದಂತೆ ಕಾಣುತ್ತಿತ್ತು. ಹಾಗಾಗಿ ಖಾಲಿ ಬಿಟ್ಟೆ.

ಇವರು ನೋಡಿ ಬೈದರು. "ಕಾಲಂ ಖಾಲಿ ಬಿಡಬ್ಯಾಡ ಕಣೇ. ಗೆರೆ ಎಳಿ. ಖಾಲಿ ಬಿಟ್ಟ ಜಾಗದಾಗ ಯಾರು ಬೇಕಾದ್ರೂ ಬರೀಬಹುದು."

"ನಮ್ಮನೇಲಿ ಯಾರ್ರೀ ಬಂದು ಬರೀತಾರೆ?" ಎಂದೆ. ಆಮೇಲೆ ಎಳೆಯುತ್ತೇನೆ ಎಂದು ಸುಳ್ಳೂ ಹೇಳಿದೆ. ಎಳೆಯಲಿಲ್ಲ.

ವಾರಕ್ಕೊಂದು ಊರು. ಇವರಿಗೆ ಕಾರು, ನನಗೆ ಆ ಊರಿನ ದೇವರು. ನನಗೆ ಅದೇ ದೊಡ್ಡ ಲಾಭ. ಕೆಲವು ಕಾರುಗಳ ಅವಸ್ಥೆ ನೋಡಿದರೆ ನಗು ಬರುತ್ತಿತ್ತು. ಒಂದರ ಡಿಕ್ಕಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಅದು ಏಳುವ ತನಕ ಕಾದು ಚಾಸಿ ನಂಬರು ಬರೆದುಕೊಂಡೆವು. ಉಡುತಡಿಯಲ್ಲಿ ಬಸವಣ್ಯಪ್ಪ ಎಂಬ ಗಟ್ಟಿ ಮುದುಕರು ಹಿಂದಿನ ಸೀಟು ಕಿತ್ತು ಮೆಕ್ಕೆಜೋಳದ ಚೀಲ ಒಟ್ಟಿದ್ದರು. "ಬರ್ಕೊಳ್ಳವ್ವಾ, ಚೆನ್ನಾಗಿ ಬರ್ಕೊ. ನಾನು ಹೋದ್ಮ್ಯಾಲೂ ಇದು ಓಡ್ತೈತಿ," ಎಂದು ಬಾನೆಟ್ಟಿಗೆ ಗುದ್ದಿದರು. ಒಳಗೆ ಏನೋ ಕಳಚಿ ಬಿದ್ದ ಸದ್ದಾಯಿತು. ಎಲ್ಲರೂ ನಕ್ಕೆವು.

ನೀಲಮ್ಮ ಎಂಬವಳ ಮನೆಗೆ ಹೋದದ್ದು ಆ ಚಳಿಗಾಲದಲ್ಲಿ. ಸೊರಬ ದಾಟಿ, ಕ್ಯಾಸನೂರಿನ ಕಡೆ ತಿರುಗಿ, ಕಾಡಿಗೆ ಅಂಟಿಕೊಂಡ ಹತ್ತಿಪ್ಪತ್ತು ಮನೆಗಳ ಊರು. ತಗಡಿನ ಚಪ್ಪರದಡಿ ಕೆನೆ ಬಣ್ಣದ ಪದ್ಮಿನಿ ನಿಂತಿತ್ತು. ಅಷ್ಟು ಚೊಕ್ಕಟವಾದ ಕಾರು ನಾವು ಎಲ್ಲೂ ಕಂಡಿರಲಿಲ್ಲ. ಡ್ರೈವರ್ ಸೀಟಿನಲ್ಲಿ ನೀಲಮ್ಮನ ಗಂಡ ಹಾಲೇಶಪ್ಪ ಕೂತಿದ್ದರು. ಆ ಕಾರಿನಲ್ಲಿ ಸುತ್ತಿನ ಎಷ್ಟೋ ಊರುಗಳ ಮದುಮಕ್ಕಳನ್ನು ಕರೆದುಕೊಂಡು ಹೋದವರು. ಲಕ್ವ ಹೊಡೆದು ಮಾತು ಹೋಗಿತ್ತು, ಕಾಲು ಹೋಗಿತ್ತು, ಬಲಗೈ ಮಾತ್ರ ಸ್ವಲ್ಪ ಉಳಿದಿತ್ತು. ಬೆಳಿಗ್ಗೆ ನೀಲಮ್ಮನ ಮೈದುನ ಹೊಲಕ್ಕೆ ಹೋಗುವ ಮೊದಲು ಅಣ್ಣನನ್ನು ಎತ್ತಿ ಕಾರಿನಲ್ಲಿ ಕೂರಿಸುತ್ತಾನೆ, ಸಂಜೆ ಇಳಿಸುತ್ತಾನೆ. ಆ ಉಳಿದ ಕೈಯಲ್ಲಿ ಅವರು ಹಾರನ್ ಒತ್ತುತ್ತಾರೆ. ಒಂದು ಸಲ ಒತ್ತಿದರೆ ಹೂಂ. ಎರಡು ಸಲ ಒತ್ತಿದರೆ ಬೇಡ.

"ಬಣ್ಣ ಹಳದಿ ಅಂತ ಬರಿ," ಎಂದರು ನಮ್ಮನೆಯವರು. ಕೂಡಲೇ ಎರಡು ಹಾರನ್. ನಾನು ಬೆಚ್ಚಿಬಿದ್ದೆ.

"ಕೆನೆ ಬಣ್ಣ ಅಂತ ಬರೀರಿ ಅಕ್ಕಾ. ಇಲ್ದಿದ್ರೆ ಸಂಜೆ ತನಕ ಬಿಡಲ್ಲ ಅವ್ರು," ಎಂದು ನೀಲಮ್ಮ ನಕ್ಕಳು. ಕೆನೆ ಎಂದದ್ದಕ್ಕೆ ಒಂದು ಹಾರನ್ ಬಂತು.

ನೀಲಮ್ಮನಿಗೆ ನನ್ನದೇ ವಯಸ್ಸು. ಹಣೆ ತುಂಬ ಕುಂಕುಮ. ಮಕ್ಕಳಿಲ್ಲ. ಅವಲಕ್ಕಿ ಕೊಟ್ಟು ಪಕ್ಕದಲ್ಲಿ ಕೂತವಳು, "ಹೋದ ವರ್ಷ ಡಾಕ್ಟ್ರು ಕೈ ಬಿಟ್ಟಿದ್ರು ಅಕ್ಕಾ," ಎಂದಳು. "ಸ್ವಾಮಿ ಉಳಿಸಿಕೊಟ್ಟ. ನಂಗೆ ಅವರ ಮಾತು ಬ್ಯಾಡ, ದುಡಿಮೆ ಬ್ಯಾಡ. ಸುಮ್ನೆ ಹಿಂಗೆ ಇದ್ರೆ ಸಾಕು. ಕೊಟ್ಟಿಗೇಲಿದ್ರೂ ಆ ಹಾರನ್ ಕೇಳುತ್ತಲ್ಲ, ಅಷ್ಟು ಸಾಕು ನಂಗೆ."

ನಾನೂ ಹೀಗೇ ಚಿಕ್ಕಚಿಕ್ಕದನ್ನು ಎಣಿಸಿ ಬದುಕುವವಳು. ಅವಳ ಮಾತು ನನ್ನದೇ ಎನಿಸಿತು. ಅವಳು ಪುಸ್ತಕದ ಮೇಲೆ ಬಾಗಿ, ಗಂಡನ ಹೆಸರಿನ ಗುಂಟ ಬೆರಳು ಆಡಿಸಿ, ಪೌತಿ ಕಾಲಮ್ಮಿನ ಮೇಲೆ ನಿಲ್ಲಿಸಿದಳು. "ಇದೇನಕ್ಕಾ?"

"ಅದು ನಿಮಗೆ ಬೇಡದ್ದು. ನಾನು ಖಾಲಿ ಬಿಡ್ತೀನಿ."

"ಖಾಲಿನೇ ಇರ್ಲಿ," ಎಂದು ಅವಳು ನನ್ನ ಕೈ ಹಿಡಿದಳು. ನಾನು ಆಗಲಿ ಎಂದೆ.

ಅದಾಗಿ ಮೂರು ವಾರಕ್ಕೆ ರಫೀಕರ ಫೋನು ಬಂತು. ಉಡುತಡಿಯ ಬಸವಣ್ಯಪ್ಪ ತೀರಿಕೊಂಡಿದ್ದರು. ಊಟ ಮಾಡಿ ಜಗಲಿಯ ಮೇಲೆ ಒರಗಿದವರು ಏಳಲಿಲ್ಲವಂತೆ. ಒಳ್ಳೆಯ ಸಾವು ಎಂದುಕೊಂಡು, ಪುಸ್ತಕ ತೆಗೆದು ಅವರ ಸಾಲಿಗೆ ಬಂದೆ. ಪೌತಿ ಕಾಲಮ್ಮಿನಲ್ಲಿ 'ಹೌದು' ಎಂದು ಆಗಲೇ ಬರೆದಿತ್ತು.

ನನ್ನದೇ ಅಕ್ಷರ, ನನ್ನದೇ ನೀಲಿ ಶಾಯಿ. ನನ್ನ 'ಹ'ದ ಕೊನೆ ಸ್ವಲ್ಪ ಮೇಲಕ್ಕೆ ಸುರುಳಿಯಾಗುತ್ತದೆ, ಶಾಲೆಯಲ್ಲಿ ಅದಕ್ಕೆ ಪೆಟ್ಟೂ ತಿಂದಿದ್ದೇನೆ. ಅದೇ ಸುರುಳಿ. ಇವರನ್ನು ಕೇಳಿದೆ. "ನಿಂದೇ ಅಲ್ವೇನೇ ಇದು? ಬರೆದು ಮರ್ತಿರ್ತೀಯ," ಎಂದರು. ಇರಬಹುದು. ಹಾಲು ಒಲೆಯ ಮೇಲಿಟ್ಟು ಮರೆಯುವ ತಲೆ ನನ್ನದು. ಅವರು ಬದುಕಿದ್ದಾಗಲೇ ಸಾಲು ತಪ್ಪಿ ಬರೆದಿದ್ದೇನೆ ಎಂದು ಕೆನ್ನೆ ಬಡಿದುಕೊಂಡು, ಆ ಮನೆಯವರು ಯಾರೂ ಇದನ್ನು ನೋಡಲಿಲ್ಲವಲ್ಲ, ಅದೇ ಪುಣ್ಯ ಎಂದುಕೊಂಡೆ.

ಎರಡನೆಯದು ಸೊರಬದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರದು. ಶುಕ್ರವಾರ ಪೂಜೆಗೆ ಮುಂಚೆ ಕಪಾಟು ಒರೆಸುವಾಗ ಪುಸ್ತಕ ಕೈಜಾರಿ ಬಿತ್ತು. ಎತ್ತಿಕೊಳ್ಳುವಾಗ ತೆರೆದ ಪುಟ ಕಣ್ಣಿಗೆ ಬಿತ್ತು. ಮೇಷ್ಟ್ರ ಹೆಸರಿನ ಎದುರು 'ಹೌದು'. ಹಿಂದಿನ ವಾರವಷ್ಟೇ ಅವರು ನಮ್ಮ ಮನೆಗೆ ಬಂದು, ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಂಡು ಹೋಗಿದ್ದರು. ಯಾರಿಗೂ ಹೇಳಲಿಲ್ಲ. ಶನಿವಾರ ಹೇಳಲಿಲ್ಲ, ಭಾನುವಾರ ಹೇಳಲಿಲ್ಲ. ಸೋಮವಾರ ಸುದ್ದಿ ಬಂತು.

ಆಮೇಲೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದರ ಹತ್ತಿರ ಹೋಗುವ ಪೆನ್ನು ನನ್ನದೊಂದೇ ಎಂದು ಪೆನ್ನನ್ನೂ ಬೇರೆ ಕೋಣೆಯಲ್ಲಿಟ್ಟೆ. ಒಂದು ಹೆದರಿಕೆ ಯಾರೋ ಬರೆಯುತ್ತಿದ್ದಾರೆ ಎಂಬುದು. ಅದಕ್ಕಿಂತ ದೊಡ್ಡ ಹೆದರಿಕೆ, ಬರೆಯುತ್ತಿರುವುದು ನಾನೇ ಇರಬಹುದು ಎಂಬುದು. ರೊಟ್ಟಿ ಬಡಿಯುವಾಗ ನನ್ನ ಬಲಗೈಯನ್ನೇ ನೋಡುತ್ತಿದ್ದೆ. ಮನೆಯಲ್ಲಿ ಬಂದು ಬರೆಯುವವರು ಯಾರು ಎಂದು ನಾನೇ ಕೇಳಿದ್ದೆನಲ್ಲ.

ಹತ್ತು ದಿನ ತೆಗೆಯಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಸ್ವಾಮಿಯ ಹೆಸರು ಹೇಳುತ್ತ ಬೀಗ ತೆಗೆದೆ. ಒಂದೊಂದೇ ಸಾಲು ನೋಡುತ್ತ ಬಂದೆ. ಖಾಲಿ, ಖಾಲಿ, ಖಾಲಿ. ಹಾಲೇಶಪ್ಪನವರ ಸಾಲಿನಲ್ಲಿ 'ಹೌದು' ಇತ್ತು. ಬೆರಳಿಟ್ಟೆ. ಶಾಯಿ ಬೆರಳಿಗೆ ಅಂಟಿತು.

ಅಲ್ಲೇ ಕೂತು ಕೂಗಿದೆ. ಇವರು ಬಂದರು. ಎಲ್ಲ ಹೇಳಿದೆ, ಗೆರೆ ಎಳೆಯದೆ ಸುಳ್ಳು ಹೇಳಿದ್ದನ್ನೂ. ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ತಪ್ಪು ನಮೂದು," ಎಂದರು ಕೊನೆಗೆ, ಕಚೇರಿಯ ಧ್ವನಿಯಲ್ಲಿ. "ಅಳಿಸಂಗಿಲ್ಲ. ಕೆಂಪು ಶಾಯೀಲಿ ಒಂದೇ ಗೆರೆ ಹೊಡೆದು, ಷರಾ ಬರೆದು, ಖಾತೆದಾರನ ಸಹಿ ತಗೋಬೇಕು. ಅವನು ಹಾಜರಿದ್ದು ಮಾಡ್ಬೇಕು. ಸೀರೆ ಬದಲಾಯಿಸು, ಹೊರಡು."

ದಾರಿಯುದ್ದಕ್ಕೂ ಪುಸ್ತಕ, ಹೆಬ್ಬೆಟ್ಟಿನ ಶಾಯಿ ಪ್ಯಾಡು ನನ್ನ ತೊಡೆಯ ಮೇಲೆ. ಶಿರಾಳಕೊಪ್ಪದ ಸಂತೆಯ ಗದ್ದಲ ದಾಟಿದೆವು, ಸೊರಬ ದಾಟಿದೆವು. ಏರು ಬಂದರೆ ಗೊಣಗುವ ನಮ್ಮ ಕಾರು ಅವತ್ತು ಒಂದು ಸದ್ದಿಲ್ಲದೆ ಹೋಯಿತು. "ನಾನು ಗೇರ್ ಹಾಕಿದ್ದೇ ನೆನಪಿಲ್ಲ," ಎಂದರು ಇವರು ಒಂದು ಕಡೆ, ಮೆಲ್ಲಗೆ. ಕ್ಯಾಸನೂರಿನ ಕಡೆ ತಿರುಗಿದ ಮೇಲೆ ಕಾಡಿನಲ್ಲಿ ಒಂದು ಹಕ್ಕಿ ಕೂಗಲಿಲ್ಲ, ಮರದಲ್ಲಿ ಒಂದು ಮಂಗ ಅಲ್ಲಾಡಲಿಲ್ಲ. ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವ ಉಣ್ಣಿಗೆ ಹೆದರಿ ಸೊಪ್ಪಿಗೆ ಹೋಗುವವರೂ ಇರಲಿಲ್ಲ. ನಾನು ಕಿವಿಗೊಟ್ಟು ಕೂತಿದ್ದೆ. ಆ ಊರಿನ ಹಾರನ್ ಕೇಳಿದರೆ ಮನುಷ್ಯ ಇದ್ದಾನೆ ಎಂದು ಅರ್ಥ. ಕೇಳಲಿಲ್ಲ.

ನೀಲಮ್ಮ ಬಾಗಿಲಲ್ಲೇ ನಿಂತಿದ್ದಳು. ನಾನು ಮೊದಲು ನೋಡಿದ್ದು ಅವಳ ಹಣೆ. ಕುಂಕುಮ ಇತ್ತು.

"ಏನಕ್ಕಾ, ಫೋನೂ ಮಾಡ್ದೆ ಬಂದ್ರಲ್ಲ? ಮೊನ್ನೆಯಿಂದ ಜ್ವರ ಅವರಿಗೆ. ಏನೂ ಮುಟ್ತಾ ಇಲ್ಲ. ಹಾಸಿಗೇಲಿ ಮಲಗ್ಸಿದ್ರೆ ಕಾರನ್ನೇ ನೋಡ್ತಾರೆ, ಅದಕ್ಕೆ ಕೂರ್ಸಿದೀವಿ."

ಹಾಲೇಶಪ್ಪ ಸೀಟಿಗೆ ಒರಗಿದ್ದರು. ಮೈ ಅರ್ಧವಾಗಿತ್ತು, ಕಣ್ಣು ಮಾತ್ರ ತೆರೆದಿತ್ತು. ನಾನು ಕಿಟಕಿಯ ಹತ್ತಿರ ಹೋಗಿ ಪುಸ್ತಕ ತೋರಿಸಿದೆ. ಸುಳ್ಳು ಹೇಳುವ ಧೈರ್ಯ ಇರಲಿಲ್ಲ. "ಅಣ್ಣಾ, ನಿಮ್ಮ ಹೆಸರಿನ ಮುಂದೆ ತಪ್ಪಾಗಿ ಪೌತಿ ಅಂತ ಬಂದುಬಿಟ್ಟೈತಿ. ಹೊಡೆದು ಹಾಕ್ತೀವಿ. ನಿಮ್ಮ ಹೆಬ್ಬೆಟ್ಟು ಬೇಕು. ಹಾಕ್ಲಾ?"

ಅವರು ಆ ಅಕ್ಷರವನ್ನು ನೋಡಿದರು. ಓದಿದರು ಎಂದು ನನಗೆ ಖಂಡಿತವಾಗಿ ಗೊತ್ತು. ಆಮೇಲೆ ಅವರ ಮುಖದಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಬಸ್ಸಿಗೆ ಕಾದು ಕಾದು ಸಾಕಾದವರಿಗೆ ದೂರದಲ್ಲಿ ಬಸ್ಸು ಕಂಡ ಹಾಗೆ. ಬಲಗೈ ಮೆಲ್ಲಗೆ ಸರಿದು ಹಾರನ್ನಿನ ಮೇಲೆ ಬಂತು.

ಒಂದು. ಇನ್ನೊಂದು.

"ಏ, ಅವರಿಗೆ ತಿಳೀಲಿಲ್ಲ," ಎಂದಳು ನೀಲಮ್ಮ. "ರೀ, ಸರಿಯಾಗಿ ಕೇಳಿಸ್ಕೊಳ್ರಿ. ಆ ಬರಹ ಇರಬಾರದು ರೀ. ಹೊಡೆದು ಹಾಕೋಕೆ ಹೂಂ ಅನ್ರಿ. ಒಂದೇ ಸಲ."

ಮತ್ತೆ ಎರಡು. ಗಟ್ಟಿಯಾಗಿ, ಒಂದರಿಂದ ಒಂದನ್ನು ಬಿಡಿಸಿ, ನಮಗೆ ಅನುಮಾನ ಉಳಿಯದ ಹಾಗೆ.

ನೀಲಮ್ಮ ನನ್ನನ್ನು ನೋಡಿದಳು, ಇವರನ್ನು ನೋಡಿದಳು. ಆಮೇಲೆ ಬಾಗಿಲು ತೆಗೆದು, ಗಂಡನ ಕೈಯನ್ನು ಹಾರನ್ನಿನಿಂದ ಎತ್ತಿ, ಹೆಬ್ಬೆಟ್ಟನ್ನು ತನ್ನ ಮುಷ್ಟಿಯಲ್ಲಿ ಬಿಗಿ ಹಿಡಿದು ನನ್ನ ಕಡೆ ಚಾಚಿದಳು. "ಪ್ಯಾಡ್ ಹಿಡೀರಿ ಅಕ್ಕಾ."

ನಾನು ಹಿಡಿದೆ. ಇವರು ಕೆಂಪು ಗೆರೆ ಎಳೆದು ಷರಾ ಬರೆದರು. ನೀಲಮ್ಮ ಹೆಬ್ಬೆಟ್ಟನ್ನು ಪುಟದ ಮೇಲೆ ಒತ್ತಿಸಿದಳು. ಮೂವರಲ್ಲಿ ಯಾರೂ ಹಾಲೇಶಪ್ಪನವರ ಮುಖ ನೋಡಲಿಲ್ಲ.

ಊರಿಗೆ ಬಂದ ಸಂಜೆಯೇ ಇವರು ಉಳಿದ ಖಾಲಿ ಕಾಲಂಗಳಿಗೆಲ್ಲ ತಾವೇ ಕೂತು ಗೆರೆ ಎಳೆದರು. ಮಾರನೇ ದಿನ ನೀಲಮ್ಮನ ಫೋನು. "ಅಕ್ಕಾ, ಜ್ವರ ಬಿಡ್ತು! ಗಂಜಿ ಕುಡಿದ್ರು!" ಅವಳು ಅತ್ತಳು, ನಾನೂ ಅತ್ತೆ. ಪುಸ್ತಕವನ್ನು ತಂದು ದೇವರಮನೆಯಲ್ಲಿಟ್ಟೆ. ಇಟ್ಟದ್ದು ಭಕ್ತಿಯಿಂದಲೋ ಕಾವಲಿಗೋ, ಇವತ್ತಿಗೂ ಹೇಳಲಾರೆ.

ಅದಾಗಿ ಒಂದು ವರ್ಷದ ಮೇಲಾಯಿತು. ಆ ಪುಸ್ತಕದಲ್ಲಿ ಗೆರೆ ಎಳೆಸಿಕೊಂಡ ಒಬ್ಬರೂ ಈವರೆಗೆ ತೀರಿಕೊಂಡಿಲ್ಲ. ಶಿರಾಳಕೊಪ್ಪದಲ್ಲಿ ಒಬ್ಬರು ಅಜ್ಜಿಯ ಹೆಸರಿನಲ್ಲಿ ಕಾರು ಇದೆ. ಮನೆಯವರು ಎರಡು ಸಲ ನೆಂಟರನ್ನೆಲ್ಲ ಕರೆಸಿ ಕಾದರು, ಎರಡು ಸಲವೂ ಅಜ್ಜಿ ಎದ್ದು ಕೂತು ಚಹಾ ಕೇಳಿದರು. "ಅಮ್ಮಾವ್ರೇ, ನನ್ನ ಸ್ಕೂಟರನ್ನೂ ಅದ್ರಾಗ ಬರ್ಕೊಂಬಿಡ್ರಿ," ಎಂದು ರಫೀಕ್ ತಮಾಷೆ ಮಾಡುತ್ತಾರೆ. ಅವರಿಗೆ ವಿಷಯ ಗೊತ್ತಿಲ್ಲ. ನಾನು ನಗುತ್ತೇನೆ, ಆದರೆ ಅಂದು ಮಧ್ಯಾಹ್ನ ಊಟ ಸೇರುವುದಿಲ್ಲ.

ನೀಲಮ್ಮನ ಫೋನುಗಳು ಮಾತ್ರ ಬರಬರುತ್ತ ಸಣ್ಣದಾದವು. ಮೊದಲ ತಿಂಗಳು ಖುಷಿ. ಆಮೇಲೆ, "ಯಾಕೋ ಎರಡೇ ಹೊಡೀತಾರೆ ಅಕ್ಕಾ" ಎಂದಳು. ಊಟ ಬೇಕಾ ಎಂದರೆ ಎರಡು. ನೀರು ಬೇಕಾ ಎಂದರೆ ಎರಡು. ಕಾಲು ನೋಯ್ತದಾ, ಬಿಸಿಲು ಬರ್ತದಾ, ಒಳಗೆ ಹೋಗೋಣಾ, ಎಲ್ಲದಕ್ಕೂ ಎರಡು. ಕೊನೆಕೊನೆಗೆ ಯಾರೂ ಏನೂ ಕೇಳದಿದ್ದರೂ, ಬೆಳಗಿನಿಂದ ಸಂಜೆಯವರೆಗೆ, ಎರಡೆರಡು. ಬ್ಯಾಟರಿಯ ತಂತಿ ಬಿಚ್ಚಿದರು. ಹಾರನ್ ನಿಂತಿತು, ಕೈ ನಿಲ್ಲಲಿಲ್ಲ. "ಸದ್ದಿಲ್ದೆ ಒತ್ತೋದು ನೋಡಕ್ಕಾಗಲ್ಲ ಅಕ್ಕಾ," ಎಂದು ತಾನೇ ಮತ್ತೆ ತಂತಿ ಕಟ್ಟಿಸಿದಳು. ಡಾಕ್ಟರು ಬಂದು ನೋಡಿ, ಈ ಮೈಯಲ್ಲಿ ಜೀವ ಹೇಗೆ ನಿಂತಿದೆಯೋ ತಮಗೆ ಅರ್ಥವಾಗುವುದಿಲ್ಲ ಎಂದರಂತೆ. ಬೆನ್ನಿನ ಹುಣ್ಣು ಮಾಯುತ್ತಿಲ್ಲವಂತೆ. ನನಗೆ ಅರ್ಥವಾಗುತ್ತಿತ್ತು. ಇವರಿಗೂ ಆಗುತ್ತಿತ್ತು. ಸಂಜೆ ಹೊತ್ತು ಸುಮ್ಮನೆ ಕಾರಿನಲ್ಲಿ ಹೋಗಿ ಕೂರುತ್ತಿದ್ದರು.

ಮೊನ್ನೆ ಬುಧವಾರ ನೀಲಮ್ಮ ಬಂದಳು. ಸೊರಬದ ಆಚೆಯಿಂದ ಎರಡು ಬಸ್ಸು ಬದಲಾಯಿಸಿ, ಹೇಳದೆ ಕೇಳದೆ, ಒಬ್ಬಳೇ. ಮಜ್ಜಿಗೆ ಕೊಟ್ಟೆ, ಮುಟ್ಟಲಿಲ್ಲ. ಇವರ ಕಡೆ ತಿರುಗಿ ನೇರವಾಗಿ ಕೇಳಿದಳು.

"ಅವತ್ತಿನ ಹೆಬ್ಬೆಟ್ಟು ಅವರದ್ದಲ್ಲ, ಅಣ್ಣಾರೇ. ನಾನು ಒತ್ತಿಸಿದ್ದು. ಅವರು ಬ್ಯಾಡ ಅಂದಿದ್ರು. ನೀವೂ ಕೇಳಿದ್ರಿ. ಅದು ನಡೆಯುತ್ತಾ ನಿಮ್ಮ ಕಾನೂನಲ್ಲಿ?"

ಇವರು ತಲೆ ತಗ್ಗಿಸಿದರು. "ಸರ್ವೀಸಿನಾಗ ಒಂದು ದಿನಾನೂ ನಾನು ಯಾರದ್ದೂ ಬಲವಂತದ ಹೆಬ್ಬೆಟ್ಟು ತಗೊಂಡಿರಲಿಲ್ಲ, ತಂಗಿ," ಎಂದರು. "ನಡೆಯಲ್ಲ ಅದು."

"ಹಂಗಾದ್ರೆ ಅವರ ಹೆಸರು ಹೊಸದಾಗಿ ಬರೀರಿ. ಏನೂ ಸೇರಿಸಬ್ಯಾಡಿ. ಮೊದಲು ಹೆಂಗಿತ್ತೋ ಹಂಗೆ ಬಿಡಿ." ಮಜ್ಜಿಗೆ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಇದ್ರೆ ಸಾಕು ಅಂದಿದ್ದೆ ನಾನು. ಯಾರಿಗೆ ಸಾಕು ಅಂತ ಕೇಳ್ಕೊಳ್ಳಲೇ ಇಲ್ಲ."

ಇವರು ದೇವರಮನೆಯಿಂದ ಪುಸ್ತಕ ತಂದು ನನ್ನ ಮುಂದಿಟ್ಟರು. ಹಳೇ ಸಾಲಿನ ಪಕ್ಕ 'ರದ್ದು' ಎಂದು ಬರೆದು ತಾವೇ ಸಹಿ ಮಾಡಿದರು. ನಾನು ಪೆನ್ನು ಹಿಡಿದೆ. ಕಾರಿನ ನಂಬರು, ಎಂಜಿನ್ ನಂಬರು, ಚಾಸಿ ನಂಬರು, ಬಣ್ಣ ಕೆನೆ, ಖಾತೆದಾರ ಹಾಲೇಶಪ್ಪ. ನೀಲಮ್ಮ ಪಕ್ಕದಲ್ಲಿ ಕೂತು ಒಂದೊಂದು ಅಕ್ಷರವನ್ನೂ ನೋಡಿದಳು. ಸ್ವಾಧೀನದಲ್ಲಿ ಯಾರು ಎಂಬಲ್ಲಿ ಪೆನ್ನು ನಿಂತಿತು. ಅವಳೇ ಹೇಳಿದಳು: "ನನ್ನ ಹೆಸರು ಬ್ಯಾಡ. ಅವರದ್ದೇ ಬರೀರಿ." ಬರೆದೆ. ಪೌತಿ ಕಾಲಂ ಬಂತು. ಅಭ್ಯಾಸಬಲದಿಂದ ನನ್ನ ಕೈ ಸ್ಕೇಲಿನ ಕಡೆ ಹೋಯಿತು.

"ಗೆರೆ ಎಳೀಬ್ಯಾಡ," ಎಂದರು ಇವರು. ಎದ್ದು ಹೊರಗೆ ಹೋದರು.

ಪುಸ್ತಕ ಮುಚ್ಚಿದೆ. ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಕುಬುಸದ ಕಣ, ಹಸಿರು ಬಳೆ ಇಟ್ಟುಕೊಂಡು ಬಂದೆ. ಕುಂಕುಮ ತೆಗೆದ ನನ್ನ ಬೆರಳು ಅವಳ ಹಣೆಯ ಮುಂದೆ ನಿಂತುಬಿಟ್ಟಿತು. ಅವಳೇ ಮುಂದೆ ಬಾಗಿದಳು.

"ಜಾಸ್ತಿನೇ ಹಚ್ಚಿ ಅಕ್ಕಾ," ಎಂದಳು.

ಹಚ್ಚಿದೆ. ಬಸ್ ಸ್ಟ್ಯಾಂಡಿನವರೆಗೂ ಇವರೇ ಕಾರಿನಲ್ಲಿ ಬಿಟ್ಟು ಬಂದರು. ಅವಳು ಹಿಂದಿನ ಸೀಟಿನಲ್ಲಿ, ಹೊಸ ಮದುಮಗಳು ಕೂರುವ ಜಾಗದಲ್ಲಿ, ನೆಟ್ಟಗೆ ಕೂತಿದ್ದಳು.

ಇವತ್ತಿಗೆ ಮೂರು ದಿನ. ಅವಳ ಫೋನು ಬಂದಿಲ್ಲ, ನಾನೂ ಮಾಡಿಲ್ಲ. ಪುಸ್ತಕ ದೇವರಮನೆಯಲ್ಲೇ ಇದೆ, ತೆಗೆದು ನೋಡಿಲ್ಲ. ಪೂಜೆಗೆ ಕೂತರೆ ಅದು ಇದು ಎಂದು ಸ್ವಾಮಿಯ ಹತ್ತಿರ ಕೇಳಿಕೊಳ್ಳುವುದು ನನ್ನ ಹಳೇ ಚಾಳಿ. ಸಿಕ್ಕಿದ ಪುಣ್ಯಗಳನ್ನು ಬೆರಳು ಮಡಚಿ ಎಣಿಸುವುದೂ ಹಾಗೆಯೇ. ಮೂರು ದಿನದಿಂದ ಬೆರಳು ಮಡಚಿಲ್ಲ. ಅವರು ಇದ್ದರೆ ಅದನ್ನು ಪುಣ್ಯ ಎಂದು ಎಣಿಸಬೇಕೋ, ಹೋದರೆ ಅದನ್ನು ಎಣಿಸಬೇಕೋ ನನಗೆ ತಿಳಿಯದು. ದೀಪ ಹಚ್ಚಿ, ಹಾಲೇಶಪ್ಪ ಎಂದು ಹೆಸರು ಮಾತ್ರ ಹೇಳಿ, ಏನನ್ನೂ ಬೇಡದೆ ಏಳುತ್ತೇನೆ.